ವಿಂಗರ್‌ಗೆ ಟೈರು ಯಾವುದು, ಗಾಳಿ ಎಷ್ಟು? ಒಬ್ಬರು 35 ಅಂತಾರೆ, ಇನ್ನೊಬ್ಬರು 65

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನು. ನಾನೂ ನಮ್ಮ ಭಾವನೂ ಸೇರಿ ಸೆಕೆಂಡ್ ಹ್ಯಾಂಡ್ ಟಾಟಾ ವಿಂಗರ್ ತಗೊಂಡಿದ್ದೀವಿ. ಡ್ರೈವರ್ ಬಿಟ್ಟು 12 ಸೀಟು. ಮದುವೆ, ಉಪನಯನದ ಬಾಡಿಗೆ, ನಡುವೆ ದೇವಸ್ಥಾನದ ಟ್ರಿಪ್ಪು ಅಂತ ಲೆಕ್ಕ ಹಾಕಿದ್ದೀವಿ. ಮೊದಲ ಟ್ರಿಪ್ಪು ಮನೆಯವರದ್ದೇ. ಶೃಂಗೇರಿ, ಹೊರನಾಡು, ಕಳಸದಿಂದ ಕುದುರೆಮುಖದ ಮೇಲೆ ಕಾರ್ಕಳಕ್ಕೆ ಇಳಿದು ಉಡುಪಿ, ಬರುವಾಗ ಆಗುಂಬೆ ಘಾಟಿ ಹತ್ತಿ ಮನೆಗೆ. ಗಾಡಿ ಭರ್ತಿ ಜನ, ಅದರಲ್ಲಿ ಅರ್ಧ ಅರವತ್ತು ದಾಟಿದವರು.

ಇಂಜಿನ್ ಚೆನ್ನಾಗಿದೆ, ಗೇರ್ ಚೆನ್ನಾಗಿದೆ. ತಲೆಬಿಸಿ ಇರೋದು ಟೈರಿನದ್ದು. ಮುಂದಿನ ಎರಡು ಒಂದು ಕಂಪನಿದು, ಬಟನ್ (ನೆಲಕ್ಕೆ ತಾಗೋ ಗೀರಿನ ಭಾಗ) ಅರ್ಧಕ್ಕಿಂತ ಕಮ್ಮಿ ಉಳಿದಿದೆ. ಹಿಂದಿನ ಎರಡು ಬೇರೆ ಕಂಪನಿದು, ಬಟನ್ ಭರ್ತಿ ಇದೆ, ದೂರದಿಂದ ನೋಡಿದ್ರೆ ಹೊಸದೇ ಅನ್ಸುತ್ತೆ. ಹತ್ತಿರ ಹೋದ್ರೆ ಸೈಡಿನಲ್ಲಿ ಕೂದಲೆಳೆಯಂಥ ಬಿರುಕು. ನಾಲ್ಕರ ಮೇಲೂ 195 ಆರ್ 15 ಎಲ್‌ಟಿ, 8 ಪಿಆರ್, 106/104 ಅಂತಿದೆ. ಹಿಂದಿನದ್ದರ ಮೇಲೆ ಉದ್ದನೆ ನಂಬರಿನ ಕೊನೆಗೆ 1116 ಅಂತ ಒತ್ತಿದ್ದಾರೆ. ಡ್ರೈವರ್ ಬಾಗಿಲ ಹತ್ತಿರ ಗಾಳಿ ಎಷ್ಟು ಪಿಎಸ್‌ಐ (ಗೇಜು ತೋರಿಸೋ ಒತ್ತಡದ ಅಳತೆ) ಅಂತ ಸ್ಟಿಕ್ಕರ್ ಇತ್ತು, ಬಿಸಿಲಿಗೆ ಅಕ್ಷರವೆಲ್ಲ ಬಿಳಚಿಕೊಂಡು ಏನೂ ಕಾಣಲ್ಲ. ಗಾಡಿ ಕೊಟ್ಟವರ ಹತ್ತಿರ ಪುಸ್ತಕವೂ ಇಲ್ಲ.

ಮೂರು ಕಡೆ ವಿಚಾರಿಸಿದೆ. ಒಬ್ಬರು "ನಾಲ್ಕಕ್ಕೂ 35 ಹಾಕಿ, ಮೆತ್ತಗೆ ಹೋಗುತ್ತೆ, ಹಿಂದೆ ಕೂತವರು ಬೈಯಲ್ಲ" ಅಂದ್ರು. ಇನ್ನೊಬ್ಬರು ಟೈರಿನ ಮೇಲೆ ಬರೆದಿರೋ 65 ತೋರಿಸಿ ಅಷ್ಟೂ ಹೊಡೆಸಿ ಅಂದ್ರು. ಮೂರನೆಯವರು 195/65 ಆರ್ 15 ಟೈರು ಸ್ಟಾಕ್ ಇದೆ, "ಅದೂ 195, ಅದೂ 15, ರೇಟೂ ಕಮ್ಮಿ" ಅಂತ ಬಿಲ್ ಬರೆಯೋಕೆ ಹೊರಟ್ರು. ಸೈಜಿನಲ್ಲಿ ಏನೋ ವ್ಯತ್ಯಾಸ ಇರಬೇಕು ಅಂತ ಸುಮ್ಮನೆ ಬಂದೆ.

ನಾಲ್ಕೂ ಒಟ್ಟಿಗೆ ಬದಲಾಯಿಸೋಕೆ ಈಗ ದುಡ್ಡು ಸಾಲಲ್ಲ. ಎರಡು ಮಾತ್ರ ಆದ್ರೆ ಮುಂದೆ ಹಾಕಿಸ್ಲಾ, ಹಿಂದೆ ಹಾಕಿಸ್ಲಾ? ನೈಟ್ರೋಜನ್ ಬೇಕಾ? ತಿಳಿದವರು ಹೇಳಿ.

ಘಾಟಿಡ್ರೈವರ್:

35 ಹೇಳಿದವರ ಹತ್ತಿರ ಇನ್ನು ಗಾಳಿಗೂ ಹೋಗ್ಬೇಡಿ ಮಾರಾಯ್ರೆ. ಅದು ಕಾರಿನ ಗಾಳಿ. ನಾನು ಮಂಗಳೂರಿನಿಂದ ಟಿಟಿ (ಟೆಂಪೋ ಟ್ರಾವೆಲರ್) ಓಡಿಸುದು, ಶಿರಾಡಿಯೂ ಚಾರ್ಮಾಡಿಯೂ. ಗಾಳಿ ಕಮ್ಮಿ ಉಂಟಾದ್ರೆ ತಿರುವಿನಲ್ಲಿ ಗಾಡಿ ಒಂದು ಬದಿಗೆ ವಾಲಿ ಮತ್ತೆ ನಿಧಾನ ಎದ್ದು ನಿಲ್ತದೆ, ಸ್ಟೇರಿಂಗ್ ತಿರುಗಿಸಿ ಒಂದು ಗಳಿಗೆ ಆದ ಮೇಲೆ ಗಾಡಿ ತಿರುಗ್ತದೆ. ಖಾಲಿ ಗಾಡಿಯಲ್ಲಿ ಇದು ಗೊತ್ತೇ ಆಗುದಿಲ್ಲ. ಜನ ತುಂಬಿದ ಮೇಲೆ ಗೊತ್ತಾಗುದು, ಅಷ್ಟೊತ್ತಿಗೆ ನೀವು ಘಾಟಿಯ ಮಧ್ಯ ಇರ್ತೀರಿ.

ಎರಡೇ ಹೊಸತು ಅಂತಾದ್ರೆ ಕಣ್ಣು ಮುಚ್ಚಿ ಮುಂದೆ ಹಾಕ್ಸಿ. ಮುಂದಿನದ್ದು ಒಡೆದ್ರೆ ಸ್ಟೇರಿಂಗ್ ಕೈಯಲ್ಲಿ ನಿಲ್ಲುದಿಲ್ಲ. ಹಿಂದಿನದ್ದು ಒಡೆದ್ರೆ ಹೇಗಾದ್ರೂ ಬದಿಗೆ ತರ್ಬಹುದು. ನಮ್ಮ ಸ್ಟ್ಯಾಂಡಿನಲ್ಲಿ ಎಲ್ಲರೂ ಹಾಗೇ ಮಾಡುದು.

ಆ 195/65 ಬೇಡವೇ ಬೇಡ.

ಬಿಎಚ್‌ರಸ್ತೆ ಟೈರ್ಸ್:

ನಮ್ಮ ಅಂಗಡಿ ತರೀಕೆರೆ ಹತ್ತಿರ ಬಿ.ಎಚ್. ರಸ್ತೆ ಪಕ್ಕ. ಟೈರು ಬಿಚ್ಚಿ ಹಾಕೋದು ನಮ್ಮ ಯಜಮಾನರು ಮತ್ತೆ ಹುಡುಗರು. ಲೆಕ್ಕ, ಸ್ಟಾಕು, ಬಂದವರ ಹತ್ತಿರ ವಾದ ಮಾಡೋದು ನನ್ನ ಪಾಲು. ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ಆ 195/65. ಟೈರಿನ ಮೇಲೆ ಸೈಜು ಆದ ಮೇಲೆ ಒಂದು ನಂಬರ್ ಇರುತ್ತೆ, ಯಾರೂ ಅದನ್ನ ನೋಡೋದೇ ಇಲ್ಲ. ನಿಮ್ಮದರಲ್ಲಿ 106/104. ಅದು ಒಂದು ಟೈರು ಎಷ್ಟು ಭಾರ ಹೊರಬಹುದು ಅನ್ನೋದರ ಕೋಡು. 106 ಅಂದ್ರೆ 950 ಕೆ.ಜಿ. ಆಮೇಲಿನ 104, ಅಂದ್ರೆ 900 ಕೆ.ಜಿ., ಹಿಂದೆ ಜೋಡಿ ಟೈರು ಇರೋ ಗಾಡಿಗಳಿಗೆ, ನಿಮಗೆ ಸಂಬಂಧ ಇಲ್ಲ. ನಿಮಗೆ ತೋರಿಸಿದ ಕಾರಿನ 195/65 ಆರ್ 15ರಲ್ಲಿ ಸಾಮಾನ್ಯವಾಗಿ 91 ಇರುತ್ತೆ, ಅಂದ್ರೆ 615 ಕೆ.ಜಿ. ಒಂದು ಆಕ್ಸಲ್‌ಗೆ ಎರಡು ಟೈರು, 1,230. 12 ಜನ, ಅವರ ಚೀಲ, ಸ್ಟೆಪ್ನಿ ಎಲ್ಲ ಸೇರಿದ್ರೆ ನಿಮ್ಮ ಹಿಂದಿನ ಆಕ್ಸಲ್ಲು ಅದನ್ನ ಆರಾಮಾಗಿ ದಾಟುತ್ತೆ. ರಿಮ್ಮಿಗೆ ಕೂರುತ್ತೆ ನಿಜ, 15 ಇಂಚಲ್ವಾ. ಕೂತ ಮಾತ್ರಕ್ಕೆ ಹೊರುತ್ತೆ ಅಂತಲ್ಲ. ಮೇಲಿಂದ ಎತ್ತರದಲ್ಲೂ ಆರು ಸೆಂಟಿಮೀಟರ್ ಆಸುಪಾಸು ಕಮ್ಮಿ, ಹಾಗಾಗಿ ಮೀಟರ್ ತೋರಿಸೋ ಸ್ಪೀಡೂ ಸುಳ್ಳಾಗುತ್ತೆ, ಹಂಪ್‌ಗೆ ಹೊಟ್ಟೆ ತಾಗುತ್ತೆ.

ಎಲ್‌ಟಿ ಅಂದ್ರೆ ಲೈಟ್ ಟ್ರಕ್. ವ್ಯಾನಿಗೆ ಅದೇ ಬೇಕು. ಕೆಲವು ಕಂಪನಿಯವರು ಸೈಜಿನ ಕೊನೆಗೆ ಸಿ ಅಂತ ಹಾಕ್ತಾರೆ, ಅದೂ ಇದೇ ಜಾತಿ. 8 ಪಿಆರ್ ಅಂದ್ರೆ ಒಳಗೆ ಎಂಟು ಪದರ ಇದೆ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಹಿಂದೆ ಹತ್ತಿ ಬಟ್ಟೆಯ ಪದರ ಹಾಕ್ತಿದ್ದ ಕಾಲದ ಲೆಕ್ಕ ಅದು. ಈಗಿನ ರೇಡಿಯಲ್‌ನಲ್ಲಿ ಎಂಟು ಪದರ ಇರಲ್ಲ, ಅಷ್ಟು ಗಟ್ಟಿ ಅನ್ನೋ ದರ್ಜೆ ಮಾತ್ರ. 6 ಪಿಆರ್ ಅಗ್ಗಕ್ಕೆ ಸಿಕ್ತು ಅಂತ ಇಳಿಬೇಡಿ. ಗಾಡಿ ಬಂದಾಗ ಏನಿತ್ತೋ ಅದು, ಇಲ್ಲ ಅದಕ್ಕಿಂತ ಮೇಲೆ.

ಇನ್ನು 35, 65. ಇಬ್ಬರದ್ದೂ ತಪ್ಪು, ಆದ್ರೆ ಒಂದೇ ಥರದ ತಪ್ಪಲ್ಲ. ಸೈಡಿನಲ್ಲಿ ಬರೆದ 65 ಟೈರಿನ ಮಿತಿ. ಅಷ್ಟು ಗಾಳಿ ಇದ್ದಾಗ ಆ 950 ಕೆ.ಜಿ. ಪೂರ್ತಿ ಹೊರುತ್ತೆ ಅಂತ ಅರ್ಥ. ಅದೇ ಟೈರು ಹತ್ತು ಥರದ ಗಾಡಿಗೆ ಹೋಗುತ್ತೆ, ಟೈರು ಮಾಡಿದವನಿಗೆ ನಿಮ್ಮ ವಿಂಗರ್ ಎಷ್ಟು ತೂಗುತ್ತೆ ಅಂತ ಗೊತ್ತಿರಲ್ಲ. ಗಾಡಿ ಮಾಡಿದವನಿಗೆ ಗೊತ್ತು, ಅವನು ಸ್ಟಿಕ್ಕರ್ ಮೇಲೆ ಬರೆದಿರ್ತಾನೆ. ಖಾಲಿ ಗಾಡಿಗೆ 65 ಹೊಡೆದ್ರೆ ಟೈರಿನ ನಡು ಮಾತ್ರ ನೆಲಕ್ಕೆ ತಾಗುತ್ತೆ, ಮಳೇಲಿ ಬ್ರೇಕ್ ಹಿಡಿದ್ರೆ ಜಾರುತ್ತೆ, ನಡು ಬೇಗ ಸವೆಯುತ್ತೆ.

35ರ ತಪ್ಪು ಇದಕ್ಕಿಂತ ದೊಡ್ಡದು. ಭಾರ ಹೊರೋದು ರಬ್ಬರ್ ಅಲ್ಲ, ಒಳಗಿನ ಗಾಳಿ. 65ರಲ್ಲಿ 950 ಹೊರೋ ಟೈರಿಗೆ 50 ಹಾಕಿದ್ರೆ ಸುಮಾರು 770 ಹೊರುತ್ತೆ, 35 ಹಾಕಿದ್ರೆ 600ಕ್ಕೂ ಸ್ವಲ್ಪ ಕೆಳಗೆ. ಅಂದ್ರೆ ದುಡ್ಡು ಕೊಟ್ಟು ವ್ಯಾನಿನ ಟೈರು ತಗೊಂಡು, 35 ಹೊಡೆಸಿ, ಅದನ್ನ ಆ ಕಾರಿನ ಟೈರಿಗಿಂತಲೂ ಕೆಳಗೆ ಇಳಿಸಿದ ಹಾಗಾಯ್ತು. ಭಾರ ಜಾಸ್ತಿ, ಗಾಳಿ ಕಮ್ಮಿ ಅಂದ್ರೆ ಸೈಡು ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತೆ, ಕಾಯುತ್ತೆ, ಒಳಗಿನ ತಂತಿ ಪಟ್ಟಿ ರಬ್ಬರಿನಿಂದ ಬಿಡೋಕೆ ಶುರುವಾಗುತ್ತೆ. ಬೇಸಿಗೇಲಿ ಟೈರು ಬ್ಲಾಸ್ಟ್ ಆಯ್ತು, ಗಾಳಿ ಜಾಸ್ತಿ ಆಗಿತ್ತು ಅಂತ ಬರೋರೇ ಎಲ್ಲ. ನಾವು ನೋಡೋದ್ರಲ್ಲಿ ಬಹುಪಾಲು ಗಾಳಿ ಕಮ್ಮಿ ಇದ್ದು ಓಡಿಸಿದ್ದು.

ಅಂಥ ಟೈರು ಹೊರಗಿಂದ ಸುಭಗನ ಹಾಗೇ ಕಾಣುತ್ತೆ. ಮೊನ್ನೆ ಮದುವೆ ಬಾಡಿಗೆ ಮುಗಿಸಿ ಬಂದ ವ್ಯಾನಿಂದ ಹಿಂದಿನ ಟೈರು, ಪಂಚರ್ ಹಾಕಿ ಸಾಕು ಅಂದ್ರು. ರಿಮ್ಮಿಂದ ಬಿಚ್ಚಿ ಯಜಮಾನರು ಒಳಗೆ ಕೈ ಆಡಿಸಿದ್ರು, ಬೆರಳಿಗೆಲ್ಲ ಕಾಡಿಗೆ ಮೆತ್ತಿದ ಹಾಗೆ ಕರೀ ಪುಡಿ. ಒಳಗೋಡೇಲಿ ಸುತ್ತ ಒಂದು ಗೆರೆ ಕೂತಿತ್ತು, ಆ ಗೆರೆ ಮೇಲೆ ಹೆಬ್ಬೆಟ್ಟು ಒತ್ತಿದ್ರೆ ಮೆತ್ತಗೆ ಒಳಕ್ಕೆ ಹೋಗ್ತಿತ್ತು. ಅದು ಮುಗಿದ ಟೈರು. ಬಟನ್ ಆರು ಮಿಲಿಮೀಟರ್ ಇತ್ತು, ಅದಕ್ಕೇ ಅವರಿಗೆ ನಂಬಿಕೆ ಬರಲಿಲ್ಲ. ಪಂಚರ್ ಹಾಕೋಲ್ಲ ಅಂತ ವಾಪಸ್ ಕೊಟ್ವಿ. ಪಕ್ಕದ ಅಂಗಡೀಲಿ ಹಾಕಿಸ್ಕೊಂಡು ಹೋದ್ರೋ ಏನೋ. ನೀವು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಲ್ಲ, ಉಳಿಸ್ಕೊಳ್ಳೋ ಟೈರನ್ನೂ ಒಂದ್ಸಲ ಬಿಚ್ಚಿಸಿ ಒಳಗೆ ನೋಡಿ. ಬಿಚ್ಚೋ ಕೂಲಿಗಿಂತ ಅದು ಮುಖ್ಯ.

ಸರಿಯಾದ ಅಂಕಿ ಎಷ್ಟು ಅಂತ ನಾನು ಇಲ್ಲಿ ಬರೆಯಲ್ಲ. ಬರೆದ್ರೆ ನಾಳೆ ಬೇರೆ ಮಾಡೆಲ್‌ನೋರು ಅದನ್ನೇ ನೋಡಿ ಹೊಡೆಸ್ತಾರೆ. ವಿಂಗರ್‌ನಲ್ಲೇ ಉದ್ದದ್ದು, ಗಿಡ್ಡದ್ದು, ಸೀಟು ಕಮ್ಮಿ ಇರೋದು, ಜಾಸ್ತಿ ಇರೋದು ಅಂತ ಇವೆ. ಸರ್ವೀಸ್ ಸೆಂಟರ್‌ಗೆ ಚಾಸಿ ನಂಬರ್ ತಗೊಂಡು ಹೋಗಿ, ನಿಮ್ಮ ಮಾಡೆಲ್ಲಿನ ಪುಸ್ತಕದ ಆ ಪುಟ ಫೋಟೋ ಹೊಡ್ಕೊಂಡು ಬನ್ನಿ. ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಬೇರೆ ಬೇರೆ ಇರುತ್ತೆ.

ಅದರ ಜೊತೆ ಇನ್ನೊಂದು ಕೆಲಸ ಮಾಡಿ, ಇದನ್ನ ಯಾರೂ ಮಾಡಲ್ಲ. ಎಲ್ಲರನ್ನೂ ಹತ್ತಿಸ್ಕೊಂಡು, ಲಗೇಜೂ ಹಾಕಿ, ವೇಬ್ರಿಡ್ಜ್‌ಗೆ ಹೋಗಿ. ಮೊದಲು ಮುಂದಿನ ಚಕ್ರ ಎರಡು ಮಾತ್ರ ತಟ್ಟೆ ಮೇಲೆ ನಿಲ್ಲಿಸಿ ಚೀಟಿ ತಗೊಳ್ಳಿ, ಆಮೇಲೆ ಇಡೀ ಗಾಡಿ. ಕಳೆದ್ರೆ ಹಿಂದಿನ ಭಾರ ಬಂತು. ಮನುಷ್ಯರನ್ನ ತೂಗ್ತೀರಾ ಅಂತ ಅವನು ನಗ್ತಾನೆ, ನಗಲಿ. ಒಂದು ಟೈರಿನ ಮೇಲೆ ನಿಜವಾಗಿ ಎಷ್ಟು ಬೀಳ್ತಿದೆ ಅಂತ ಗೊತ್ತಾಗೋಕೆ ಬೇರೆ ದಾರಿ ಇಲ್ಲ.

ಗಾಳಿ ನೋಡೋದು ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ. ನಿಂತು ಮೂರು ಗಂಟೆಯಾದ್ರೂ ಆಗಿರಬೇಕು. ಓಡಿದ ಮೇಲೆ ನಾಲ್ಕೈದು ಪಿಎಸ್‌ಐ ಏರೋದು ಸಹಜ, ಘಾಟಿ ಇಳಿದ ಮೇಲೆ ಬ್ರೇಕಿನ ಕಾವೂ ಸೇರಿ ಇನ್ನೂ ಜಾಸ್ತಿ ಇರಬಹುದು. ಜಾಸ್ತಿ ಆಯ್ತು ಅಂತ ಕಾರ್ಕಳದಲ್ಲಿ ನಿಲ್ಲಿಸಿ ಬಿಡಿಸ್ಬೇಡಿ. ಬಿಡಿಸಿದ್ರೆ ಮಾರನೇ ದಿನ ಬೆಳಿಗ್ಗೆ ಅಷ್ಟು ಕಮ್ಮಿ ಇರುತ್ತೆ, ಅದರಲ್ಲೇ ಆಗುಂಬೆ ಹತ್ತಬೇಕಾಗುತ್ತೆ. ಮಲೆನಾಡಿಂದ ಕರಾವಳಿಗೆ ಇಳಿದ್ರೆ ಗಾಳಿ ಬದಲಾಯಿಸ್ಬೇಕಾ ಅಂತ ಕೆಲವರು ಕೇಳ್ತಾರೆ. ಕೆಳಗೆ ಸೆಕೆ ಜಾಸ್ತಿ, ಅದಕ್ಕೆ ಎರಡು ಮೂರು ಪಾಯಿಂಟ್ ಏರುತ್ತೆ, ಹೊರಗಿನ ವಾಯುಭಾರ ಜಾಸ್ತಿ ಆಗೋದ್ರಿಂದ ಗೇಜಿನಲ್ಲಿ ಒಂದು ಪಾಯಿಂಟ್ ಇಳಿಯುತ್ತೆ. ಕೈ ಹಾಕೋ ಅಷ್ಟೇನೂ ಆಗಲ್ಲ.

ನಿಮ್ಮದೇ ಒಂದು ಗೇಜ್ ತಗೊಂಡು ಗಾಡೀಲಿ ಇಟ್ಕೊಳ್ಳಿ. ಪಂಚರ್ ಅಂಗಡಿ ಗೇಜು ಕೆಳಗೆ ಬಿದ್ದೂ ಬಿದ್ದೂ ಎಷ್ಟು ಸುಳ್ಳು ಹೇಳುತ್ತೆ ಅಂತ ನಾನೇ ಹೇಳ್ತೀನಿ, ನಮ್ಮದನ್ನೂ ಸೇರಿಸಿ. 80ರ ತನಕ ತೋರಿಸೋದು ತಗೊಳ್ಳಿ. ಕಾರಿನವರಿಗೆ ಅಂತ ಮಾರೋ ಕೆಲವು 60ಕ್ಕೇ ನಿಲ್ಲುತ್ತವೆ.

1116 ಅಂದ್ರೆ 2016ರ 11ನೇ ವಾರ. ಅದಕ್ಕೆ ಬಿರುಕು. ಓಡದೆ ಬಿಸಿಲಲ್ಲಿ ನಿಂತ ಗಾಡಿ ಇರಬೇಕು, ಬಟನ್ ಹಾಗೇ ಉಳಿದು ರಬ್ಬರ್ ಒಣಗಿದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಂದ್ಸಲ ತೋರಿಸಿ, ಹತ್ತು ವರ್ಷ ಆದ್ರೆ ಬಟನ್ ಇದ್ರೂ ತೆಗೀರಿ ಅಂತ ದೊಡ್ಡ ಕಂಪನಿಗಳೇ ಹೇಳ್ತವೆ. ಬಿರುಕು ಬಿಟ್ಟಿದ್ದಕ್ಕೆ ಹತ್ತರವರೆಗೂ ಕಾಯೋ ಮಾತಿಲ್ಲ. ನೀವು ಮೊದಲು ತೆಗೀಬೇಕಾದ್ದು ಆ ಹೊಸದರ ಹಾಗೆ ಕಾಣೋ ಎರಡನ್ನ, ಸವೆದಿರೋ ಎರಡನ್ನಲ್ಲ.

ಘಾಟಿಡ್ರೈವರ್ ಅಣ್ಣನವರ ಅನುಭವಕ್ಕೆ ಮರ್ಯಾದೆ ಇಟ್ಟೇ ಹೇಳ್ತೀನಿ, ಹೊಸ ಜೋಡಿ ಹಿಂದೆ ಹಾಕಿಸಿ. ವಿಂಗರ್ ಫ್ರಂಟ್ ವೀಲ್ ಡ್ರೈವ್, ಎಳೆಯೋದೂ ತಿರುಗೋದೂ ಮುಂದಿನವೇ. ಅದಕ್ಕೇ ಹೊಸದು ಮುಂದೆ ಇರಲಿ ಅನ್ಸುತ್ತೆ. ಮಳೇಲಿ ಮುಂದಿನದ್ದು ಜಾರಿದ್ರೆ ಗಾಡಿ ನೇರ ಹೋಗೋಕೆ ನೋಡುತ್ತೆ, ಸ್ಟೇರಿಂಗ್ ಹಗುರ ಆಗಿ ಕೈಗೆ ಗೊತ್ತಾಗುತ್ತೆ, ಆಕ್ಸಿಲೇಟರ್ ಬಿಟ್ರೆ ಮತ್ತೆ ಹಿಡಿಯುತ್ತೆ. ಹಿಂದಿನದ್ದು ಜಾರಿದ್ರೆ ಮುನ್ಸೂಚನೆ ಏನೂ ಇಲ್ಲ, ಹಿಂಭಾಗ ಸುತ್ತಿ ಬರುತ್ತೆ. ಎತ್ತರದ ಗಾಡಿ, ಹಿಂದೆ ಜನ ತುಂಬಿದ್ದಾರೆ, ಅಡ್ಡ ನಿಂತ್ರೆ ಮಗುಚೋದೇ. ಒಡೆಯೋ ಭಯಕ್ಕೆ ಉತ್ತರ ಹೊಸ ಟೈರು ಮುಂದೆ ಹಾಕೋದಲ್ಲ, ಒಡೆಯೋ ಅಂಥ ಟೈರನ್ನ ಗಾಡೀಲಿ ಎಲ್ಲೂ ಇಟ್ಕೊಳ್ದೇ ಇರೋದು.

ನೈಟ್ರೋಜನ್: ಮಾಮೂಲಿ ಗಾಳೀಲೇ 78 ಭಾಗ ಅದೇ ಇದೆ. ಪುಕ್ಕಟೆ ಹಾಕ್ತಾರೆ ಅಂದ್ರೆ ಹಾಕಿಸ್ಕೊಳ್ಳಿ. ದುಡ್ಡು ಉಳಿದ್ರೆ ಗೇಜ್ ಕೊಳ್ಳಿ.

ಘಾಟಿಡ್ರೈವರ್:

ಅಕ್ಕ, ನೀವು ಹೇಳಿದ್ದು ಮಳೆಗೆ ಸರಿ ಇರ್ಬಹುದು, ಒಪ್ತೇನೆ. ಆದ್ರೆ ನಮ್ಮ ಟಿಟಿ ಹಿಂದಿನ ಚಕ್ರ ಎಳೆಯುದು, ಅದರಲ್ಲಿ ಮುಂದೆ ಬೋಳು ಟೈರ್ ಇಟ್ಕೊಂಡು ಚಾರ್ಮಾಡಿ ಇಳಿಯುದು ಅಂದ್ರೆ ನನ್ನಿಂದಾಗುದಿಲ್ಲ. ನಾನು ಮುಂದೆಯೇ ಹಾಕುದು.

ಬಿಎಚ್‌ರಸ್ತೆ ಟೈರ್ಸ್:

ಬೋಳು ಟೈರು ಮುಂದೂ ಬೇಡ, ಹಿಂದೂ ಬೇಡ ಅಣ್ಣ. 1.6 ಮಿಲಿಮೀಟರ್‌ಗಿಂತ ಕೆಳಗೆ ಹೋದ್ರೆ ಕಾನೂನಲ್ಲೇ ತೆಗೀಬೇಕು, ಗೀರಿನ ಮಧ್ಯೆ ಸಣ್ಣ ದಿಮ್ಮಿ ಥರ ಗುರುತು ಇಟ್ಟಿರ್ತಾರೆ, ಅದರ ಮಟ್ಟಕ್ಕೆ ಬಂದ್ರೆ ಮುಗೀತು. ಆಗುಂಬೆ ಮಳೆಗೆ ನಾನು ಮೂರು ಮಿಲಿಮೀಟರ್‌ಗೇ ತೆಗೀರಿ ಅಂತೀನಿ. ಇವರ ಮುಂದಿನದ್ದು ಅರ್ಧಕ್ಕಿಂತ ಕಮ್ಮಿ ಆದ್ರೂ ಬೋಳಾಗಿಲ್ಲವಲ್ಲ, ಅದಕ್ಕೇ ಧೈರ್ಯವಾಗಿ ಹೇಳಿದ್ದು. ಮುಂದೆ ಸವೆದು ಹೋಗಿದ್ರೆ ನಾಲ್ಕೂ ಅಂತ ಹೇಳ್ತಿದ್ದೆ, ನಂಗೂ ವ್ಯಾಪಾರ.

ಮಿಶಿಗನ್ ಮಲೆನಾಡಿಗ:

ಹುಟ್ಟೂರು ಕೊಪ್ಪ, ಈಗಿರೋದು ಅಮೆರಿಕದಲ್ಲಿ. ಇಲ್ಲಿ ಕನ್ನಡ ಕೂಟದ ಪಿಕ್‌ನಿಕ್‌ಗೆ 15 ಸೀಟಿನ ವ್ಯಾನು ಬಾಡಿಗೆಗೆ ತರ್ತೀವಿ. ಈ ಥರದ ವ್ಯಾನುಗಳು ಮಗುಚೋದರ ಬಗ್ಗೆ ಇಲ್ಲಿನ ರಸ್ತೆ ಸುರಕ್ಷತಾ ಇಲಾಖೆ 2001ರಿಂದಲೂ ಮತ್ತೆ ಮತ್ತೆ ಎಚ್ಚರಿಕೆ ಕೊಡ್ತಾ ಬಂದಿದೆ. ಹತ್ತಕ್ಕಿಂತ ಹೆಚ್ಚು ಜನ ಕೂತಾಗ ಅಪಾಯ ಬಹಳ ಏರುತ್ತೆ ಅಂತ. 2005ರಲ್ಲಿ ಅವರು ತಪಾಸಣೆ ಮಾಡಿದಾಗ ಇಂಥ ವ್ಯಾನುಗಳಲ್ಲಿ ನೂರಕ್ಕೆ 74ರಲ್ಲಿ ಗಾಳಿ ಗಣನೀಯವಾಗಿ ಹೆಚ್ಚುಕಮ್ಮಿ ಇತ್ತು. ಕಾರುಗಳಲ್ಲಿ 39. ಕಾರಿನ ಗಾಳಿ ಮಾಲೀಕ ನೋಡ್ತಾನೆ, ಹತ್ತು ಜನ ಓಡಿಸೋ ವ್ಯಾನಿನ ಗಾಳಿ ಯಾರೂ ನೋಡಲ್ಲ, ಅಷ್ಟೇ ಇರಬೇಕು.

ಅವರ ಸಲಹೆಯಲ್ಲಿ ಎರಡು ನಿಮಗೂ ಹೊಂದುತ್ತೆ. ಗಾಡಿ ಭರ್ತಿ ಇಲ್ಲದಾಗ ಜನರನ್ನ ಮುಂದಿನ ಸೀಟುಗಳಲ್ಲಿ ಕೂರಿಸಿ, ಹಿಂದಿನ ಆಕ್ಸಲ್‌ಗಿಂತ ಹಿಂದೆ ಬೇಡ. ಕ್ಯಾರಿಯರ್ ಮೇಲೆ ಲಗೇಜು ಹೇರಬೇಡಿ. ಇನ್ನೊಂದು, ಹಳೇ ಸ್ಟೆಪ್ನಿಯನ್ನ ಸವೆದ ಟೈರಿನ ಜಾಗಕ್ಕೆ ಕಾಯಂ ಆಗಿ ಹಾಕಬೇಡಿ ಅಂತಲೂ ಹೇಳ್ತಾರೆ, ಓಡದಿದ್ರೂ ರಬ್ಬರಿಗೆ ವಯಸ್ಸಾಗಿರುತ್ತೆ. ನಿಮ್ಮ ಸ್ಟೆಪ್ನಿ ಮೇಲಿನ ವಾರ, ವರ್ಷ ನೋಡಿದ್ರಾ?

ಗಾಳಿ ಇಳಿದ್ರೆ ದೀಪ ಹತ್ತೋ ಸೆನ್ಸರ್ ಹಾಕಿಸ್ಕೊಳ್ಳೋ ಯೋಚನೆ ಇದ್ರೆ, ಅಂಕಿ ತೋರಿಸೋದು ತಗೊಳ್ಳಿ. ಇಲ್ಲಿನ ಕಾನೂನಿನ ಪ್ರಕಾರ ನಿಗದಿಗಿಂತ ಶೇ. 25 ಇಳಿದಾಗ ದೀಪ ಹತ್ತಬೇಕು. 60 ಇರಬೇಕಾದ ವ್ಯಾನಿನಲ್ಲಿ 45ಕ್ಕೆ ಬಂದ ಮೇಲೆ ಅದು ಹೇಳೋದು.

ಹುಬ್ಬಳ್ಳಿ ಓಮ್ನಿ:

ಅಕ್ಕಾರ, ನಡುವ ಬಂದು ಕೇಳಾಕತ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮದು ಹಳೇ ಓಮ್ನಿ ಐತಿ, ಸಂತಿಗೆ ಕಾಯಿಪಲ್ಯ ಹೇರಿಕೊಂಡು ಹೊಕ್ಕೀನಿ. 145 ಆರ್ 12 ಎಲ್‌ಟಿ ಬದಲಿ ಕಾರಿನ ಟೈರ್ ಹಾಕ್ರಿ, ಮೆತ್ತಗ ಹೊಕ್ಕೈತಿ ಅಂತಾರ ಇಲ್ಲಿ. ಹಾಕಸಬೇಕೋ ಬ್ಯಾಡೋ? ಮತ್ತ ರಿಬಟನ್ ಟೈರ್ (ಹಳೇದಕ್ಕ ಹೊಸ ಬಟನ್ ಅಂಟಿಸಿದ್ದು) ನಡೀತೈತೇನ್ರಿ?

ಬಿಎಚ್‌ರಸ್ತೆ ಟೈರ್ಸ್:

ಬೇಡ. 145 ಆರ್ 12ರಲ್ಲೂ ಎಲ್‌ಟಿ ಇದ್ದದ್ದೇ ನೋಡಿ ತಗೊಳ್ಳಿ. ಕಾಯಿಪಲ್ಯ ಅಂತೀರಿ, ಈರುಳ್ಳಿ, ಆಲೂಗಡ್ಡೆ ಮೂಟೆ ಇರುತ್ತಲ್ಲ, ಪೂರ್ತಿ ಹಿಂದಿನ ಆಕ್ಸಲ್ ಮೇಲೇ ಕೂರುತ್ತೆ. ನಿಮ್ಮಂಥವರೇ ಹಿಂದಿನ ಗಾಳಿ ಬೇರೆ, ಮುಂದಿನ ಗಾಳಿ ಬೇರೆ ಅಂತ ನೋಡಬೇಕಾದವರು. ರಿಬಟನ್ ಕೆಟ್ಟದ್ದಲ್ಲ, ಸರ್ಕಾರಿ ಬಸ್ ಡಿಪೋಗಳಲ್ಲಿ ಅದೇ ಮಾಮೂಲು, ಆದ್ರೆ ಅಲ್ಲಿ ಪ್ರತಿ ಟೈರಿನ ಕೇಸಿಂಗ್ (ಬಟನ್ ಕೆಳಗಿನ ಮೈ) ನೋಡಿ ಲೆಕ್ಕ ಇಟ್ಟು ಮಾಡ್ತಾರೆ. ಎಲ್ಲಿಂದ ಬಂದ ಟೈರು, ಎಷ್ಟು ವರ್ಷದ್ದು ಅಂತ ಗೊತ್ತಿಲ್ಲದ ರಿಬಟನ್ ಅನ್ನ ಇಷ್ಟು ಸಣ್ಣ ಗಾಡಿಗೆ ನಾನಂತೂ ಮಾರಲ್ಲ. ಹೊಸದಕ್ಕೂ ಅದಕ್ಕೂ ರೇಟಿನಲ್ಲಿ ದೊಡ್ಡ ವ್ಯತ್ಯಾಸವೂ ಇಲ್ಲ ಈ ಸೈಜಿನಲ್ಲಿ.

ತುಂಗಾತೀರ:

ತೂಗಿಸಿದೆ! ವೇಬ್ರಿಡ್ಜ್‌ನವರು ನಗಲಿಲ್ಲ, ನಮ್ಮತ್ತೆ ನಕ್ರು. "ಅಡಿಕೆ ಮೂಟೆ ಜೊತೆ ನಮ್ಮನ್ನೂ ಮಂಡಿಗೆ ಹಾಕ್ತೀಯಾ" ಅಂತ. ಎಲ್ಲರೂ ಕೂತು, ಚೀಲಗಳೂ ಸೇರಿ ಮುಂದೆ 1,340, ಒಟ್ಟು 2,940. ಅಂದ್ರೆ ಹಿಂದೆ 1,600, ಟೈರಿಗೆ 800.

ಸರ್ವೀಸ್ ಸೆಂಟರ್‌ನಲ್ಲಿ ಪುಟದ ಫೋಟೋ ಸಿಕ್ತು. ಅಕ್ಕ ಹೇಳಿದ್ದಕ್ಕೆ ಅಂಕಿ ಹಾಕ್ತಿಲ್ಲ. ಮುಂದೆ ಹಿಂದೆ ಬೇರೆ ಬೇರೆ ಇದೆ, ಎರಡೂ 35ಕ್ಕಿಂತ ಎಷ್ಟೋ ಮೇಲೆ, 65ಕ್ಕಿಂತ ಕೆಳಗೆ.

ಹಿಂದಿನ ಎರಡನ್ನೂ ತೆಗೆಸ್ತಾ ಇದ್ದೀನಿ. ಸ್ಟೆಪ್ನಿ ಇನ್ನೂ ಹಳೇದು, 2014ರದ್ದು. ಅದಕ್ಕೆ ಮುಂದಿನದ್ದೇ ಸೈಜಿನ ಒಂದು ಹೊಸದು ಸೇರಿಸಿ ಮೂರು ತಗೊಳ್ಳೋಣ ಅಂತ ಭಾವ ಒಪ್ಪಿದ್ದಾರೆ. ಮುಂದಿನ ಎರಡೂ ಬಿಚ್ಚಿಸಿ ನೋಡ್ದೆ, ಒಳಗೆ ಪುಡಿ ಇಲ್ಲ, ಗೆರೆ ಇಲ್ಲ. ಒಂದರಲ್ಲಿ ಮಾತ್ರ ಹಳೇ ಪಂಚರ್‌ನ ಸ್ಟ್ರಿಪ್ ಇದೆ, ಸೈಡಿಂದ ಎರಡು ಬೆರಳು ಒಳಗೆ, ಬಟನ್ ಜಾಗದಲ್ಲೇ. ಪರವಾಗಿಲ್ವಾ?

ಬಿಎಚ್‌ರಸ್ತೆ ಟೈರ್ಸ್:

800 ಅಂದ್ರೆ 950ರ ಟೈರಿನಲ್ಲಿ ಮಿಗುವಷ್ಟು ಶಕ್ತಿ ಇದೆ, ಸರಿಯಾದ ಗಾಳಿ ಇದ್ರೆ. ಪುಸ್ತಕದ ಅಂಕಿಯನ್ನ ಒಂದ್ಸಲ ತಾಳೆ ನೋಡ್ಕೊಳ್ಳಿ, 800ಕ್ಕೆ ಈ ಟೈರಿಗೆ 50ರ ಮೇಲೇ ಬೇಕು. ಕಮ್ಮಿ ಕಂಡ್ರೆ ಬೇರೆ ಮಾಡೆಲ್ಲಿನ ಪುಟ ಕೊಟ್ಟಿದ್ದಾರೆ ಅಂತ ಅರ್ಥ, ವಾಪಸ್ ಹೋಗಿ ಕೇಳಿ. ಎಡಕ್ಕೆ ಬಲಕ್ಕೆ ಭಾರ ಸಮ ಇರಲ್ಲ ಅನ್ನೋದೂ ನೆನಪಿರಲಿ, ನಮ್ಮಲ್ಲಿ ಬಾಗಿಲು ಒಂದೇ ಕಡೆ, ದಪ್ಪ ಇದ್ದೋರೆಲ್ಲ ಬಾಗಿಲ ಹತ್ತಿರವೇ ಕೂರ್ತಾರೆ.

ಸ್ಟ್ರಿಪ್ ಬಟನ್ ಜಾಗದಲ್ಲಿ ಇರೋದ್ರಿಂದ ಟೈರು ಹಾಳಾಗಿಲ್ಲ. ಆದ್ರೆ ಅದು ತಾತ್ಕಾಲಿಕ. ಬಿಚ್ಚಿದ್ದೇ ಆಯ್ತಲ್ಲ, ಒಳಗಿಂದ ಮಶ್ರೂಮ್ ಪ್ಯಾಚ್ (ಅಣಬೆ ಆಕಾರದ ರಬ್ಬರ್ ತೇಪೆ) ಹಾಕಿಸಿ. ಸೈಡಿನಲ್ಲಿ ಇದ್ದಿದ್ರೆ ಮಾತ್ರ ಏನೂ ಮಾಡೋ ಹಾಗಿರಲಿಲ್ಲ.

ವಾಲ್ ಬದಲಾಯಿಸಿ. ಕಾರಿಗೆ ಹಾಕೋ ಸಾಮಾನ್ಯ ರಬ್ಬರ್ ವಾಲ್‌ನ ಮಿತಿ ತಣ್ಣಗಿದ್ದಾಗ 65 ಪಿಎಸ್‌ಐ. ನಿಮ್ಮ ಗಾಳಿ ಅದಕ್ಕಿಂತ ಕೆಳಗೇ ಇದ್ರೂ ಒತ್ತಡ ಹತ್ತಿರ ಹತ್ತಿರ ಇರುತ್ತೆ. ನಟ್ಟು ಹಾಕಿ ಬಿಗಿಯೋ ಲೋಹದ ವಾಲ್ ಕೇಳಿ ಹಾಕಿಸಿ, ಹೊಸ ಟೈರಿಗೆ ಹಳೇ ವಾಲ್ ಬಿಡಬೇಡಿ. ಕ್ಯಾಪು ಕಳೆದಿದ್ರೆ ಅದೂ, ಮಣ್ಣು ಹೋಗಿ ಪಿನ್ನು ಸೋರುತ್ತೆ.

ಸ್ಟೆಪ್ನಿಗೆ ಹಿಂದಿನದ್ದರಷ್ಟು ಗಾಳಿ ಹೊಡೆಸಿಡಿ. ದಾರೀಲಿ ಮುಂದೆ ಹಾಕಬೇಕಾಗಿ ಬಂದ್ರೆ ಬಿಡಿಸ್ಕೋಬಹುದು, ಏರಿಸ್ಕೊಳ್ಳೋಕೆ ಕುದುರೆಮುಖದ ಕಾಡಲ್ಲಿ ಯಾರೂ ಸಿಗಲ್ಲ. ಜಾಕು, ಪಾನಾ ಸಹ ಒಮ್ಮೆ ಮನೆ ಅಂಗಳದಲ್ಲೇ ಹಾಕಿ ನೋಡಿ. ಹಳೇ ಗಾಡಿಗಳಲ್ಲಿ ಸ್ಟೆಪ್ನಿ ಇಳಿಸೋ ಬೋಲ್ಟು ತುಕ್ಕು ಹಿಡಿದು ತಿರುಗೋದೇ ಇಲ್ಲ.

ಘಾಟಿಡ್ರೈವರ್:

ಚಕ್ರ ಬಿಚ್ಚಿ ಹಾಕಿದ ಮೇಲೆ ಐವತ್ತು ನೂರು ಕಿಲೋಮೀಟರ್ ಓಡಿಸಿ ನಟ್ಟು ಮತ್ತೊಮ್ಮೆ ಬಿಗಿ ಮಾಡ್ಸಿ. ನೀವು ಹೊರಟ ದಿನ ಹೊರನಾಡಿನಲ್ಲಿ ಊಟಕ್ಕೆ ಕೂರುವ ಮುಂಚೆ ನೋಡ್ಬಹುದು. ಮತ್ತೆ ಕುದುರೆಮುಖ ಇಳಿಯುವಾಗ ಎರಡನೇ ಗೇರಿನಲ್ಲೇ ಬನ್ನಿ, ಬ್ರೇಕು ತುಳಿದುಕೊಂಡೇ ಇರ್ಬೇಡಿ. ಮೊದಲ ಸಲ ಅಲ್ವಾ, ಹಿಂದಿನಿಂದ ಹಾರ್ನ್ ಹೊಡೆಯುವವರಿಗೆ ಬದಿ ಕೊಟ್ಟು ಬಿಡಿ.

ತುಂಗಾತೀರ:

ಆಯ್ತು ಅಣ್ಣ. ಟೈರು ನಾಡಿದ್ದು ಬರುತ್ತೆ ಅಂದಿದ್ದಾರೆ, ಇದೇ ವರ್ಷದ ಡೇಟು ಇದ್ರೆ ಮಾತ್ರ ಅಂತ ಮೊದಲೇ ಹೇಳಿ ಅಡ್ವಾನ್ಸ್ ಕೊಟ್ಟಿದ್ದೀನಿ. ಅಕ್ಕ, ಹಳೇ 1116ರ ಎರಡನ್ನ ಅಂಗಡಿಯವರು ವಾಪಸ್ ತಗೊಂಡು ದುಡ್ಡು ಕಮ್ಮಿ ಮಾಡ್ತೀವಿ ಅಂತಾರೆ, ಕೊಡ್ಲಾ?

ಬಿಎಚ್‌ರಸ್ತೆ ಟೈರ್ಸ್:

ಕೊಡಿ, ಆದ್ರೆ ಸೈಡಿನಲ್ಲಿ ಬ್ಲೇಡಿಂದ ಉದ್ದಕ್ಕೆ ಸೀಳಿ ಕೊಡಿ. ಒಪ್ಪಲ್ಲ ಅಂದ್ರೆ ಯಾಕೆ ಒಪ್ಪಲ್ಲ ಅಂತ ನಿಮಗೇ ಗೊತ್ತಾಗುತ್ತೆ, ಬಟನ್ ಚೆನ್ನಾಗಿದೆಯಲ್ಲ, ಇನ್ಯಾರದ್ದೋ ವ್ಯಾನಿಗೆ ಹೋಗುತ್ತೆ. ಆಗ ಮನೆಗೆ ತನ್ನಿ, ತೋಟದ ಗೇಟಿನ ಹತ್ತಿರ ಗಿಡ ನೆಡೋಕಾಗುತ್ತೆ.